ಹಸಿ ತರಕಾರಿ ಸೂಪು: ಟೊಮೆಟೊ ಒಳ್ಳೆಯದೋ, ಸೌತೆಕಾಯಿಯೋ?

ಬೇಯಿಸದೆ ಮಾಡುವ ಸೂಪಿಗೆ ಟೊಮೆಟೊ, ಸೌತೆಕಾಯಿ ಎರಡೂ ಹೊಂದುತ್ತವೆ, ಎರಡರಲ್ಲೂ ಶೇ. 90ಕ್ಕಿಂತ ಹೆಚ್ಚು ನೀರಿರುವುದರಿಂದ ಬೇರೆ ನೀರು ಸೇರಿಸುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ರುಚಿ ಮತ್ತು ಹದದಲ್ಲಿ ಮಾತ್ರ ಇವೆರಡರ ದಾರಿ ಬೇರೆ.

ಟೊಮೆಟೊಗೆ ತನ್ನದೇ ಆದ ಹುಳಿ, ಸಿಹಿ, ಬಣ್ಣಗಳಿವೆ. ಚೆನ್ನಾಗಿ ಕಳಿತ ಹಣ್ಣನ್ನು ಹೆಚ್ಚಿ, ಉಪ್ಪು ಬೆರೆಸಿ ಅರ್ಧ ಗಂಟೆ ಬಿಟ್ಟರೆ ಪಾತ್ರೆಯ ತಳದಲ್ಲಿ ರಸ ನಿಲ್ಲುತ್ತದೆ. ಆ ರಸದ ಸಮೇತ ರುಬ್ಬಿ, ಮಿಕ್ಸಿ ತಿರುಗುತ್ತಿರುವಾಗಲೇ ಎಣ್ಣೆಯನ್ನು ಸಣ್ಣ ಧಾರೆಯಾಗಿ ಸುರಿದರೆ, ನೀರುನೀರಾಗಿದ್ದ ಕೆಂಪು ರಸ ಕಿತ್ತಳೆ ಬಣ್ಣಕ್ಕೆ ತಿರುಗಿ ನುಣ್ಣಗೆ ಮಂದವಾಗುತ್ತದೆ. ಸಿಪ್ಪೆ, ಬೀಜ ನಾಲಿಗೆಗೆ ತಗಲಬಾರದೆಂದರೆ ಸೋಸಬೇಕು. ಸಪ್ಪೆಯಾದ, ಅರೆಗಾಯಿ ಟೊಮೆಟೊ ಮಾತ್ರ ಸಿಕ್ಕಿದ್ದರೆ ಈ ಸೂಪಿನ ಆಸೆ ಬಿಡುವುದೇ ಲೇಸು, ಏಕೆಂದರೆ ಕೊರತೆಯನ್ನು ಮುಚ್ಚಲು ಇಲ್ಲಿ ಒಲೆಯ ನೆರವಿಲ್ಲ.

ಸೌತೆಕಾಯಿಯ ರುಚಿ ಸೌಮ್ಯ. ರುಬ್ಬಿದರೆ ತೆಳ್ಳಗೇ ಉಳಿಯುತ್ತದೆ. ನೆನೆಸಿದ ಗೋಡಂಬಿಯನ್ನೋ ಬೆಣ್ಣೆಹಣ್ಣನ್ನೋ ಸೇರಿಸಿದರೆ ಗಟ್ಟಿಯಾಗುತ್ತದೆ, ನಿಂಬೆರಸ ಮತ್ತು ಪುದೀನ ಸಪ್ಪೆತನವನ್ನು ಕಳೆಯುತ್ತವೆ. ಬೆಣ್ಣೆಹಣ್ಣು ಗಾಳಿ ತಗಲಿದರೆ ಕಪ್ಪಾಗುವುದರಿಂದ ಅಂದೇ ಬಡಿಸಬೇಕು. ರುಬ್ಬುವ ಮುನ್ನ ಪ್ರತಿ ಕಾಯಿಯ ತುದಿಯನ್ನೂ ರುಚಿ ನೋಡುವುದು ಅಗತ್ಯ. ಒಂದು ಕಹಿ ಕಾಯಿ ಇಡೀ ಪಾತ್ರೆಯನ್ನು ಕೆಡಿಸಬಲ್ಲದು.

ಎರಡನ್ನೂ ಫ್ರಿಜ್ಜಿನಲ್ಲಿ ಒಂದೆರಡು ಗಂಟೆ ಇಟ್ಟು, ಬಡಿಸುವ ಹೊತ್ತಿಗೆ ಉಪ್ಪನ್ನು ಮತ್ತೊಮ್ಮೆ ನೋಡಬೇಕು. ತಣ್ಣಗಿರುವಾಗ ರುಚಿ ಮಂಕಾಗಿ ತೋರುತ್ತದೆ. ಹಸಿ ಸೂಪನ್ನು ಎಂದೂ ಕುಡಿಯದವರಿಗೆ ನಾನು ಟೊಮೆಟೊವನ್ನೇ ಆರಿಸುತ್ತೇನೆ. ಹುಳಿ ಒಗ್ಗದವರಿಗೆ, ಸೋಸುವ ತಾಳ್ಮೆಯಿಲ್ಲದವರಿಗೂ, ಸೌತೆಕಾಯಿಯೇ ಸರಿ.