ದಿಯಾಸ್ ಕೊಂತಾದೋಸ್ ನೋಡ್ಲಾ, ಲಾ ಇನ್‌ಫಿಲ್ತ್ರಾದಾ ನೋಡ್ಲಾ?

ಎರಡೂ ಸ್ಪೇನ್ ಸಿನಿಮಾ, ಎರಡರಲ್ಲೂ ಇಟಿಎ ಇದೆ, ಅಂದ್ರೆ ಸ್ಪೇನ್-ಫ್ರಾನ್ಸ್ ಗಡಿಯ ಬಾಸ್ಕ್ ನಾಡಿಗೆ ಸ್ವಾತಂತ್ರ್ಯ ಬೇಕು ಅಂತ ಬಂದೂಕು ಹಿಡಿದು 800ಕ್ಕೂ ಹೆಚ್ಚು ಜನರನ್ನ ಕೊಂದ ಸಂಘಟನೆ, 2018ರಲ್ಲಿ ವಿಸರ್ಜನೆ ಆಯ್ತು.

ಪ್ರೀತಿ ಕಥೆ ಬೇಕು ಅನ್ನೋರಿಗೆ 1994ರ ದಿಯಾಸ್ ಕೊಂತಾದೋಸ್. ಇಮಾನೋಲ್ ಉರಿಬೆ ನಿರ್ದೇಶನ. ಬಾಂಬ್ ಇಡೋಕೆ ಮ್ಯಾಡ್ರಿಡ್‌ಗೆ ಬಂದ ಆಂತೋನಿಯೋ ಫೋಟೋಗ್ರಾಫರ್ ಅಂತ ಸುಳ್ಳು ಹೇಳ್ಕೊಂಡು ಬಾಡಿಗೆ ಮನೇಲಿ ಇರ್ತಾನೆ, ಪಕ್ಕದ ಮನೆ ಚಾರೋ ಡ್ರಗ್ಸ್ ಚಟಕ್ಕೆ ಬಿದ್ದ ಹುಡುಗಿ, ಇಬ್ಬರೂ ಹತ್ರ ಆಗ್ತಿದ್ದ ಹಾಗೆ ಇದು ದಡ ಸೇರಲ್ಲ ಅಂತ ನಮಗೆ ಗೊತ್ತಾಗ್ಬಿಡುತ್ತೆ, ಆದ್ರೂ ಹೇಗಾದ್ರೂ ಉಳೀಲಿ ಅಂತ ಮನಸ್ಸು ಬೇಡ್ಕೊಳ್ತಾ ಇರುತ್ತೆ. ಹೆಸರಿನ ಅರ್ಥವೇ ಎಣಿಸಿಟ್ಟ ದಿನಗಳು. ಕಾರ್ಮೆಲೋ ಗೋಮೆಸ್, ರೂತ್ ಗಾಬ್ರಿಯೆಲ್ ಇಬ್ರೂ ಅದ್ಭುತ, ಹಾವಿಯೆರ್ ಬಾರ್ದೆಮ್ ಚಿಕ್ಕ ಪಾತ್ರದಲ್ಲೂ ಮೈ ಜುಂ ಅನ್ನಿಸ್ತಾನೆ. ಒಟ್ಟು 8 ಗೋಯಾ (ಸ್ಪೇನ್‌ನ ದೊಡ್ಡ ಸಿನಿಮಾ ಪ್ರಶಸ್ತಿ) ಬಂತು.

2024ರ ಲಾ ಇನ್‌ಫಿಲ್ತ್ರಾದಾ ಬೇರೆ ಥರ. ಇಟಿಎ ಒಳಗೆ ವರ್ಷಗಟ್ಟಲೆ ವೇಷ ಮರೆಸ್ಕೊಂಡಿದ್ದ ಮಹಿಳಾ ಪೊಲೀಸ್ ಒಬ್ಬಳ ನಿಜ ಘಟನೆ ಆಧರಿಸಿದ್ದು, ನಿರ್ದೇಶಕಿ ಅರಾಂಚಾ ಎಚೆವರ್ರಿಯಾ. ಇಲ್ಲಿ ಪ್ರೇಮ ಇಲ್ಲ, ಸಿಕ್ಕಿಬೀಳ್ತಾಳೇನೋ ಅನ್ನೋ ಭಯ ಮಾತ್ರ. ಕರೋಲಿನಾ ಯುಸ್ತೆಗೆ ಗೋಯಾ ಅತ್ಯುತ್ತಮ ನಟಿ ಪ್ರಶಸ್ತಿ ಸಿಕ್ತು, ಖಂಡಿತ ಸಿಗ್ಬೇಕಾದ್ದೇ.

ಇಟಿಎ ಬಗ್ಗೆ ಏನೂ ಗೊತ್ತಿಲ್ದೇ ಇದ್ರೆ ಹೊಸದರಿಂದ ಶುರು ಮಾಡಿ, ಹಿನ್ನೆಲೆ ಅರ್ಥ ಆಗುತ್ತೆ. ಒಂದೇ ಅಂದ್ರೆ ನಾನಂತೂ ಹಳೇದನ್ನೇ ಹೇಳೋದು. ಮಕ್ಕಳ ಜೊತೆ ಮಾತ್ರ ನೋಡ್ಬೇಡಿ, ಡ್ರಗ್ಸ್, ನಗ್ನತೆ ಎಲ್ಲಾ ಇದೆ.