ಡಬಲ್ ಡಿಗ್ರಿ: ಪಟ್ಟ ಶ್ರಮಕ್ಕೆ ತಕ್ಕದ್ದೇ?

ಎರಡು ಪದವಿಗಳನ್ನು ಒಟ್ಟಿಗೇ ಓದುವುದೇ ಡಬಲ್ ಡಿಗ್ರಿ. ಅದರ ಲಾಭವೆಲ್ಲ ಇರುವುದು ಎರಡೂ ಪದವಿಗೆ ಸಲ್ಲುವ, ಓದಿನ ಹೊರೆ ಅಳೆಯುವ ಕ್ರೆಡಿಟ್‌ಗಳಲ್ಲಿ. ಗಣಿತ–ಕಂಪ್ಯೂಟರ್ ಸೈನ್ಸ್ ಜೋಡಿಯಲ್ಲಿ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ ಒಮ್ಮೆ ಓದಿದರೆ ಸಾಮಾನ್ಯವಾಗಿ ಎರಡೂ ಕಡೆ ನಡೆಯುತ್ತದೆ. ಕಾನೂನು–ಸಂಗೀತದಲ್ಲಿ ಆ ಅನುಕೂಲ ತೀರಾ ಕಡಿಮೆ. ಯುರೋಪಿನ ಲೆಕ್ಕದಲ್ಲಿ ವರ್ಷಕ್ಕೆ 60 ಕ್ರೆಡಿಟ್, ಒಂದೊಂದಕ್ಕೂ 25–30 ಗಂಟೆ ಓದು. ಎರಡು ಪದವಿಗಾಗಿ ವರ್ಷಕ್ಕೆ 80 ಹೊತ್ತುಕೊಂಡರೆ ಕನಿಷ್ಠ 2,000 ಗಂಟೆ, ಇಂಟರ್ನ್‌ಶಿಪ್ಪಿಗೆ ಪುರುಸೊತ್ತೆಲ್ಲಿ?

ಎಡವಟ್ಟಾಗುವುದು ಬುದ್ಧಿಯಲ್ಲಲ್ಲ, ಟೈಮ್‌ಟೇಬಲ್ಲಿನಲ್ಲಿ. ಎರಡು ವಿಭಾಗಗಳ ಲ್ಯಾಬ್ ಒಂದೇ ಮಧ್ಯಾಹ್ನ ಬೀಳುತ್ತದೆ. ವರ್ಷಕ್ಕೊಮ್ಮೆ ಮಾತ್ರ ನಡೆಯುವ ಕಡ್ಡಾಯ ಕೋರ್ಸ್ ತಪ್ಪಿದರೆ ಅದರ ಮೇಲೆ ನಿಂತ ಕೋರ್ಸ್‌ಗಳೆಲ್ಲ ವರ್ಷ ಮುಂದಕ್ಕೆ ಹೋಗುತ್ತವೆ. ಸೇರುವ ಮೊದಲೇ ಎರಡೂ ಪಠ್ಯಕ್ರಮಗಳನ್ನು ಸೆಮಿಸ್ಟರ್‌ವಾರು ಪಕ್ಕಪಕ್ಕ ಬರೆದು ನೋಡಿ. ನಡುವೆ ಬಿಟ್ಟರೆ ಒಂದು ಪದವಿಯಾದರೂ ಕೈಗೆ ಬರುತ್ತದೆಯೇ ಎಂಬುದನ್ನು ಲಿಖಿತವಾಗಿಯೇ ಪಡೆಯಿರಿ. ಎರಡನೆಯ ವಿಷಯದ ಪರಿಚಯವಷ್ಟೇ ಬೇಕಿದ್ದರೆ ಮೈನರ್ (ಒಂದೇ ಪದವಿಯ ಜೊತೆಗೆ ಆ ವಿಷಯದ ಕೆಲವೇ ಕೋರ್ಸ್) ಧಾರಾಳ ಸಾಕು.