ಭೂಕಂಪದ ಆಳ ಲೆಕ್ಕ ಹಾಕೋದು ಕಲಿಸೋ ಆನ್‌ಲೈನ್ ಕೋರ್ಸ್, 5ಕ್ಕೆ 4 ಸ್ಟಾರ್

ಭೂಕಂಪದ ನ್ಯೂಸಲ್ಲಿ "ಆಳ 10 ಕಿಮೀ" ಅಂತ ಪದೇ ಪದೇ ಬರುತ್ತಲ್ಲ, ಯಾವಾಗ್ಲೂ ಅದ್ಯಾಕೆ 10 ಅಂತ ತಲೆ ಕೊರೀತಿತ್ತು, ಅದಕ್ಕೇ ಸೇರ್ಕೊಂಡೆ. ಹೈಸ್ಕೂಲ್ ಗಣಿತ ನೆನಪಿದ್ರೆ ಸಾಕು.

ಎರಡನೇ ಪಾಠ ಸೂಪರ್. ಭೂಕಂಪ ಅಳೆಯೋ ಸ್ಟೇಷನ್‌ಗೆ ಮೊದ್ಲು ಪಿ ಅನ್ನೋ ವೇಗದ ಕಂಪನದ ಅಲೆ ಬರುತ್ತೆ, ಹಿಂದೆ ನಿಧಾನದ ಎಸ್ ಅಲೆ, ಪಿ ಸ್ಪೀಡು ಸೆಕೆಂಡಿಗೆ 6 ಕಿಮೀ, ಅದು ಎಸ್‌ಗಿಂತ 1.73 ಪಟ್ಟು ಜಾಸ್ತಿ ಅಂತ ಹಿಡಿದ್ರೆ ನಡುವಿನ ಸೆಕೆಂಡನ್ನ 8.2ರಿಂದ ಗುಣಿಸಿದ್ರೆ ದೂರ ಬಂತು. 5 ಸೆಕೆಂಡ್ ಅಂದ್ರೆ 41 ಕಿಮೀ. ಇದು ಸ್ಟೇಷನ್‌ನಿಂದ ನೆಲದೊಳಗೆ ಕಂಪನ ಶುರುವಾದ ಜಾಗಕ್ಕೆ ಇರೋ ಓರೆ ದೂರ, ಆ ಜಾಗದ ನೇರ ಮೇಲಕ್ಕೆ ನೆಲದ ಮೇಲಿನ ದೂರ 40 ಆದ್ರೆ ಪೈಥಾಗರಸ್ ಹಾಕಿ, 1681ರಲ್ಲಿ 1600 ಕಳೆದ್ರೆ 81, ಆಳ 9 ಕಿಮೀ. ಇಷ್ಟೇನಾ ಅನ್ಸುತ್ತೆ.

ಆದ್ರೆ ಆಟ ಇರೋದೇ ಇಲ್ಲಿಂದ. ಟೈಮಿಂಗಲ್ಲಿ ಬರೀ 0.1 ಸೆಕೆಂಡ್ ತಪ್ಪಿದ್ರೂ ಆಳ 9 ಇದ್ದಿದ್ದು 12 ದಾಟುತ್ತೆ, ಅದೇ ಸ್ಟೇಷನ್ 5 ಕಿಮೀ ದೂರದಲ್ಲೇ ಇದ್ದಿದ್ರೆ ಅಷ್ಟೇ ತಪ್ಪಿಗೆ 1 ಕಿಮೀನೂ ಆಚೀಚೆ ಆಗಲ್ಲ. ಹತ್ರ ಸ್ಟೇಷನ್ ಇಲ್ದೆ ಆಳ ಸರಿಯಾಗಿ ಸಿಗದೇ ಹೋದಾಗ್ಲೇ ಎಷ್ಟೋ ಸಲ 10 ಕಿಮೀ ಅಂತ ಫಿಕ್ಸ್ ಮಾಡಿ ಹಾಕ್ತಾರಂತೆ! ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲೇ, ಇದೊಂದಕ್ಕೇ ಕೋರ್ಸ್ ಸಾರ್ಥಕ.

ಭೂಕಂಪ ಎಲ್ಲಿ, ಯಾವಾಗ ಶುರುವಾಯ್ತು ಅಂತ ಹುಡುಕೋಕೆ ಗೈಗರ್ ಅನ್ನೋ ವಿಜ್ಞಾನಿ 1910ರಲ್ಲಿ ಕೊಟ್ಟ ವಿಧಾನಾನೂ ಚೆನ್ನಾಗಿ ಮಾಡಿಸ್ತಾರೆ. ಅಕ್ಷಾಂಶ, ರೇಖಾಂಶ, ಆಳ, ಕಂಪನ ಶುರುವಾದ ಟೈಮು, ನಾಲ್ಕೂ ಗೊತ್ತಿಲ್ಲ, ಅದಕ್ಕೆ ಕಡಿಮೆ ಅಂದ್ರೂ ನಾಲ್ಕು ರೀಡಿಂಗ್ ಬೇಕು, ಒಂದು ಅಂದಾಜಿಂದ ಶುರು ಮಾಡಿ ವ್ಯತ್ಯಾಸ ನೋಡ್ಕೊಂಡು ತಿದ್ತಾ ತಿದ್ತಾ ಹೋಗ್ಬೇಕು. ಕೈಯಲ್ಲೇ ಮೂರು ಸುತ್ತು ಮಾಡ್ದೆ, ಬೆರಳು ನೋವು ಬಂತು, ಆದ್ರೆ ತಲೇಲಿ ಕೂತ್ಬಿಡ್ತು.

ಒಂದು ಸ್ಟಾರ್ ಕಟ್ ಮಾಡಿದ್ಯಾಕೆ ಅಂದ್ರೆ ಉತ್ತರದ ಶೀಟಲ್ಲಿ ಒಂದ್ಕಡೆ 8.2 ಬದ್ಲು ಸುಮ್ನೆ 8 ಹಾಕಿದಾರೆ. 5 ಸೆಕೆಂಡಿಗೆ 40 ಕಿಮೀ ಆಯ್ತು, ಅಂದ್ರೆ ಆಳ ಸೊನ್ನೆ! ಇಷ್ಟು ಸೂಕ್ಷ್ಮ ಲೆಕ್ಕದಲ್ಲಿ ಹಾಗೆ ರೌಂಡ್ ಮಾಡ್ಬಾರ್ದು, ಒಂದು ಸಂಜೆ ಪೂರ್ತಿ ನಂದೇ ತಪ್ಪು ಅಂತ ಒದ್ದಾಡಿದೀನಿ.

ಇನ್ನೊಂದು, ಮೇಲಕ್ಕೆ ಹೋಗಿ ನೆಲದಿಂದ ವಾಪಸ್ ಪುಟಿದು ಬರೋ ಅಲೆ ಇದೆಯಲ್ಲ, ಅದು ನೇರ ಪಿಗಿಂತ ಎಷ್ಟು ಲೇಟಾಗಿ ಬಂತು ಅನ್ನೋದ್ರಿಂದ ದೂರದ ಸ್ಟೇಷನ್ನಲ್ಲಿ ಕೂತೂ ಆಳ ಹೇಳ್ಬಹುದು. 2013ರಲ್ಲಿ ರಷ್ಯಾದ ಪೂರ್ವದ ಒಖೋಟ್ಸ್ಕ್ ಸಮುದ್ರದ ಅಡಿ ಸುಮಾರು 600 ಕಿಮೀ ಆಳದಲ್ಲಿ ಭೂಕಂಪ ಆಯ್ತಲ್ಲ, ಅಂಥವಕ್ಕೆ ಇದು ತುಂಬಾ ಮುಖ್ಯ, ಅದನ್ನ ಆರೇ ನಿಮಿಷದಲ್ಲಿ ಮುಗಿಸಿದಾರೆ. ಅದಕ್ಕೊಂದು ಪೂರ್ತಿ ಪಾಠ ಸೇರಿಸಿದ್ರೆ ನಾನು ಮತ್ತೆ ಸೇರ್ತೀನಿ.